ನಡಿಗೆಯಲ್ಲಿ ಸಿಗುವ ಮರೆವಿನ ಸುಳಿವು

ಕಲಬುರಗಿಯಲ್ಲಿ ಫಿಜಿಯೋಥೆರಪಿ ಮಾಡುವ ನನ್ನ ಹತ್ತಿರ ಮರೆವಿಗೆಂದು ಯಾರೂ ಬರುವುದಿಲ್ಲ. ಮೊಣಕಾಲು, ಸೊಂಟ, ಬಿದ್ದು ಮುರಿದುಕೊಂಡ ಮಣಿಕಟ್ಟು, ಬರುವುದು ಇವೇ. ಮರೆವಿನ ಸುದ್ದಿ ಹೊರಡುವುದು ಕೊನೆಗೆ, ಚಪ್ಪಲಿ ಮೆಟ್ಟುವಾಗ: "ಮುತ್ಯಾಗ ಈಗೀಗ ಭಾಳ ಮರವ್ರಿ. ಅರವತ್ತಕ್ಕ ಅರಳು ಮರಳು, ಏನ್ ಮಾಡೂದು?" ಮಾಡುವುದು ಒಂದಿದೆ. ಆ ಮುತ್ಯಾ ಹೇಗೆ ನಡೆಯುತ್ತಾರೆಂದು ನೋಡಬೇಕು.

ಕಮಲಾಪುರದ ಕಡೆಯ ಒಬ್ಬ ಕಾಕಾ ಬಂದಿದ್ದರು. ಕೆಂಪು ಬಾಳೆಯ ತೋಟದಲ್ಲೇ ಬದುಕು ಸವೆಸಿದವರು. ಮಗ ಕರೆತಂದದ್ದು ಮೊಣಕಾಲು ನೋವಿಗೆ. ನೆಲದ ಮೇಲೆ ಟೇಪು ಅಂಟಿಸಿ ಗುರುತು ಮಾಡಿದ ಆರು ಮೀಟರ್ ದಾರಿಯಲ್ಲಿ ನಡೆಸಿದೆ. ತುಸು ನಿಧಾನ, ಅಷ್ಟೇ. ಎರಡನೇ ಸಲಕ್ಕೆ, "ಕಾಕಾ, ನಡಕೋತ ಹೇಳ್ರಿ, ನಿಮ್ಮೂರಿಂದ ಕಲಬುರಗಿಗಿ ಬರೂ ದಾರ್ಯಾಗ ಯಾವ್ಯಾವ ಊರ ಬರ್ತಾವ?" ಎಂದೆ. "ಮಹಾಗಾಂವ ಕ್ರಾಸ್..." ಎಂದವರು ನಿಂತೇಬಿಟ್ಟರು. ಬಹಳ ಹೊತ್ತಿಗೆ "ಕುರಿಕೋಟಾ" ಎಂದ ಮೇಲೆಯೇ ಕಾಲು ಎತ್ತಿದ್ದು. ಹೆಜ್ಜೆ ಗಿಡ್ಡವಾಗಿತ್ತು, ಒಂದರಂತೆ ಇನ್ನೊಂದಿರಲಿಲ್ಲ. ತಿರುಗುವಾಗ ಗೋಡೆ ಹಿಡಿದರು. ಬರೀ ಮೊಣಕಾಲಿನದೇ ತೊಂದರೆಯಾಗಿದ್ದರೆ ಪ್ರಶ್ನೆ ಕೇಳಿದಾಗ ಇಷ್ಟು ವ್ಯತ್ಯಾಸ ಬರುತ್ತಿರಲಿಲ್ಲ. ನರರೋಗ ತಜ್ಞರಿಗೆ ತೋರಿಸಲು ಚೀಟಿ ಬರೆದುಕೊಟ್ಟೆ.

ನಡೆಯುವುದು ಕಾಲಿನ ಕೆಲಸವೆಂದುಕೊಳ್ಳುತ್ತೇವೆ. ಆದರೆ ಎಲ್ಲಿ ಹೆಜ್ಜೆ ಇಡಬೇಕು, ಎಷ್ಟು ಎತ್ತಬೇಕು, ಎದುರಿಗೆ ಬಂದವರಿಗೆ ಹೇಗೆ ದಾರಿ ಬಿಡಬೇಕು ಎಂದು ಮೆದುಳು ಗಮನ ಕೊಡುತ್ತಲೇ ಇರಬೇಕು. ಆರೋಗ್ಯವಂತ ಮೆದುಳು ನಡೆಸುತ್ತಲೇ ಮಾತನ್ನೂ ಆಡಿಸುತ್ತದೆ. ಅದರ ಶಕ್ತಿ ಕುಗ್ಗಿದಾಗ ಎರಡರಲ್ಲಿ ಒಂದನ್ನು ಕೈಬಿಡುತ್ತದೆ.

ಇದನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ನ್ಯೂಯಾರ್ಕಿನ ಜೋ ವರ್ಗೀಸ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರೆವಿನ ದೂರು ಮತ್ತು ನಿಧಾನ ನಡಿಗೆ ಎರಡೂ ಇದ್ದ ಹಿರಿಯರಿಗೆ ಮುಂದೆ ಡಿಮೆನ್ಶಿಯಾ (ನೆನಪು, ಆಲೋಚನೆ ಕುಗ್ಗುವ ಕಾಯಿಲೆ) ಬರುವ ಸಂಭವ ಉಳಿದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಕೆನಡಾದಲ್ಲಿ ಮಾನ್ವೆಲ್ ಮೊಂಟೆರೊ-ಒಡಾಸೊ ತಂಡ, ಸೌಮ್ಯ ಮರೆವು ಇದ್ದವರನ್ನು ನೂರರಿಂದ ಹಿಂದಕ್ಕೆ ಎಣಿಸುತ್ತ, ಪ್ರಾಣಿಗಳ ಹೆಸರು ಹೇಳುತ್ತ ನಡೆಸಿತು. ಹಾಗೆ ನಡೆಯುವಾಗ ವೇಗ ಶೇ 20ಕ್ಕಿಂತ ಹೆಚ್ಚು ಕುಸಿದವರಲ್ಲಿ ಮುಂದೆ ಡಿಮೆನ್ಶಿಯಾ ಹೆಚ್ಚಾಗಿ ಕಾಣಿಸಿಕೊಂಡಿತೆಂದು 2017ರಲ್ಲಿ ವರದಿ ಮಾಡಿತು. ದೊಡ್ಡ ಪ್ರಯೋಗಾಲಯಗಳಲ್ಲಿ ಸೆನ್ಸರ್ ಹಾಸು, ಸೊಂಟಕ್ಕೆ ಕಟ್ಟುವ ಸಾಧನ ಇರುತ್ತವೆ. ನನ್ನ ಬಳಿ ಇರುವುದು ಟೇಪು ಮತ್ತು ಮೊಬೈಲಿನ ಸ್ಟಾಪ್‌ವಾಚ್. ಹಿರಿಯರಲ್ಲಿ ಸೆಕೆಂಡಿಗೆ 0.8 ಮೀಟರಿಗಿಂತ ಕಡಿಮೆ ವೇಗವನ್ನು ಸಾಮಾನ್ಯವಾಗಿ ನಿಧಾನ ಎನ್ನುತ್ತಾರೆ. ಮೊದಲ ಸುಳಿವಿಗೆ ಅಷ್ಟು ಸಾಕು.

ನಮ್ಮ ಭಾಗಕ್ಕೆ ಈ ವಿಧಾನ ಒಗ್ಗಲು ಇನ್ನೊಂದು ಕಾರಣವಿದೆ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಸಾಕ್ಷರತೆ ಶೇ 65ರ ಆಸುಪಾಸು. ಹಿರಿಯರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಶಾಲೆ ಮೆಟ್ಟಿಲು ಹತ್ತಿದವರು ಇನ್ನೂ ಕಡಿಮೆ. ವಾಕ್ಯ ಬರೆ, ಚಿತ್ರ ನಕಲು ಮಾಡು ಎನ್ನುವ ಪರೀಕ್ಷೆ ಕೊಟ್ಟರೆ ಚುರುಕಾದ ಆಯಿಯೂ ತಬ್ಬಿಬ್ಬಾಗುತ್ತಾಳೆ. ನಡಿಗೆಗೆ ಅಕ್ಷರ ಬೇಡ. ಎಣಿಕೆ ಬಾರದವರಿಗೆ ವಾರದ ಹೆಸರನ್ನೋ ಬೀಗರ ಊರನ್ನೋ ಕೇಳಿದರಾಯಿತು.

ಆದರೆ ನಡಿಗೆ ನೋಡಿ ರೋಗ ಹೆಸರಿಸಬಾರದು. ಸಂಧಿವಾತ, ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಪಾದ, ಪಾರ್ಕಿನ್ಸನ್, ಸಣ್ಣ ಪಾರ್ಶ್ವವಾಯು, ಕಣ್ಣಿನ ಪೊರೆ, ಎಲ್ಲವೂ ಹೆಜ್ಜೆ ಕೆಡಿಸುತ್ತವೆ. ಆಲ್ಜೈಮರ್ಸ್ ಇದ್ದವರು ಮೊದಮೊದಲು ಸರಾಗವಾಗಿ ನಡೆಯುವುದೂ ಉಂಟು. ಸರಿಪಡಿಸಬಹುದಾದ ಕಾರಣಗಳೂ ಇವೆ. ಬಿ12 ಕೊರತೆ ಪಾದದ ಸ್ಪರ್ಶವನ್ನೂ ನೆನಪನ್ನೂ ಒಟ್ಟಿಗೆ ಕುಂದಿಸುತ್ತದೆ. ಮೆದುಳಿನಲ್ಲಿ ನೀರು ತುಂಬಿದರೆ ಕಾಲು ನೆಲಕ್ಕೆ ಅಂಟಿದಂತಾಗಿ, ಮೂತ್ರ ತಡೆಯಲಾಗದೆ, ಮರೆವೂ ಬರುತ್ತದೆ. ಅಂಥ ಕೆಲವರು ಶಸ್ತ್ರಚಿಕಿತ್ಸೆಯಿಂದ ಸುಧಾರಿಸುತ್ತಾರೆ. ಕಮಲಾಪುರದ ಕಾಕಾಗೆ ರಕ್ತಪರೀಕ್ಷೆಯಲ್ಲಿ ಬಿ12 ಕೊರತೆ ಸಿಕ್ಕಿತು, ಇಂಜೆಕ್ಷನ್ ಶುರುವಾಯಿತು. ನೆನಪಿನ ತಪಾಸಣೆ ಇನ್ನೂ ನಡೆದಿದೆ.

ಇಂಥ ಚಿಂತೆ ಒಂದೆರಡು ಮನೆಯದಲ್ಲ. ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಸಾವಿರಾರು ಜನರ ಮೆದುಳಿನ ಆರೋಗ್ಯವನ್ನು ವರ್ಷಗಳಿಂದ ಗಮನಿಸುತ್ತಿದೆ. ನಿಮ್ಹಾನ್ಸ್ ನೆರವಿನಿಂದ ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದೆ.

ಮನೆಯಲ್ಲಿ ಹಿರಿಯರಿದ್ದರೆ ಇಷ್ಟು ಗಮನಿಸಿ: ಮಾತಾಡಿಸಿದಾಗ ನಿಂತುಬಿಡುತ್ತಾರೆಯೇ, ಆರು ತಿಂಗಳಲ್ಲಿ ನಡಿಗೆ ನಿಧಾನವಾಗಿದೆಯೇ, ಪದೇ ಪದೇ ಬೀಳುತ್ತಾರೆಯೇ. ಜತೆಗೆ ಮರೆವೂ ಇದ್ದರೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ವಯಸ್ಸಾಯಿತೆಂದು ಸುಮ್ಮನೆ ಕೂರಬೇಡಿ.