ದ್ವಿತೀಯ ಪಿಯುಸಿ ಇಂಗ್ಲಿಷ್: ಕೊಣ್ಣೂರಿನ ವಿದ್ಯಾರ್ಥಿಗೆ ಚೀನಾದ ಪರೀಕ್ಷೆ ಕಲಿಸುವುದೇನು?

ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಕೊಣ್ಣೂರು ಮಲಪ್ರಭಾ ದಂಡೆಯ ಊರು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ಓಡಾಡುವವರಿಗೆ ಪೇರಲ ಹಣ್ಣಿನಿಂದಲೂ, 2019ರ ಆಗಸ್ಟ್‌ನಲ್ಲಿ ನದಿ ಉಕ್ಕಿ ಹೆದ್ದಾರಿ ಸಂಚಾರ ನಿಂತುಹೋದ ಸುದ್ದಿಯಿಂದಲೂ ಈ ಹೆಸರು ಪರಿಚಿತ. ಇಂಥ ಊರುಗಳಲ್ಲಿ ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ–ಹುಡುಗಿಯರು ಕಾಲೇಜು ಮೆಟ್ಟಿಲು ಹತ್ತುವಾಗ ಎದುರಾಗುವ ದೊಡ್ಡ ಅಡ್ಡಿ ಗಣಿತವಲ್ಲ, ಇತಿಹಾಸವಲ್ಲ, ಇಂಗ್ಲಿಷ್. ಕಲಾ ಮತ್ತು ವಾಣಿಜ್ಯ ವಿಭಾಗಗಳಲ್ಲಿ ಉಳಿದ ವಿಷಯಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಇಂಗ್ಲಿಷ್ ಪತ್ರಿಕೆಯನ್ನು ಮಾತ್ರ ಇಂಗ್ಲಿಷಿನಲ್ಲೇ ಬರೆಯಬೇಕು. ಅದೊಂದು ಕೈಕೊಟ್ಟರೆ ಉಳಿದ ಐದೂ ವಿಷಯಗಳ ಅಂಕ ಇದ್ದೂ ಇಲ್ಲದಂತೆ.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಪರೀಕ್ಷೆಯಲ್ಲಿ ಉತ್ತೀರ್ಣರಾದವರಲ್ಲಿಯೂ ಅನೇಕರು ಪದವಿ ತರಗತಿಯಲ್ಲಿ ಅಧ್ಯಾಪಕರ ಇಂಗ್ಲಿಷ್ ಮಾತು ಅರ್ಥವಾಗದೆ ಹಿಂದಿನ ಬೆಂಚಿಗೆ ಸರಿಯುತ್ತಾರೆ. ಅಂಕಪಟ್ಟಿಯಲ್ಲಿ ಇಂಗ್ಲಿಷ್ ಇದೆ, ಕಿವಿಯಲ್ಲಿ ಇಲ್ಲ, ನಾಲಿಗೆಯಲ್ಲಂತೂ ಇಲ್ಲವೇ ಇಲ್ಲ.

ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಅದಕ್ಕೆ ಮೊದಲು ಐದನೇ ತರಗತಿಯಿಂದ ಆರಂಭವಾಗುತ್ತಿತ್ತು. ಅಂದರೆ ಇಂದು ದ್ವಿತೀಯ ಪಿಯುಸಿ ಬರೆಯುವ ವಿದ್ಯಾರ್ಥಿ ಹನ್ನೆರಡು ವರ್ಷ ಇಂಗ್ಲಿಷ್ ಓದಿರುತ್ತಾನೆ. ಹನ್ನೆರಡು ವರ್ಷದ ಕಲಿಕೆ ಕೊನೆಯ ಮೂರು ತಿಂಗಳಲ್ಲಿ ‘ಪಾಸಿಂಗ್ ಪ್ಯಾಕೇಜ್’ ಹುಡುಕುವ ಸ್ಥಿತಿಗೆ ಏಕೆ ಬರುತ್ತದೆ ಎಂಬುದೇ ಪ್ರಶ್ನೆ.

‘ಪಾಸಿಂಗ್ ಪ್ಯಾಕೇಜ್’ ಎಂದರೇನೆಂದು ನಗರದ ಓದುಗರಿಗೆ ಹೇಳಬೇಕಾದೀತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಜರಡಿ ಹಿಡಿದು, ಪದೇ ಪದೇ ಬರುವ ಪ್ರಶ್ನೆಗಳನ್ನಷ್ಟೇ ಆರಿಸಿ, ಸಿದ್ಧ ಉತ್ತರಗಳೊಡನೆ ಕೆಲವೇ ಪುಟಗಳಲ್ಲಿ ಕಟ್ಟಿಕೊಡುವ ಸರಕು ಅದು. ಉದ್ಯೋಗಕ್ಕೆ ಅರ್ಜಿ ಬರೆಯುವ ನಮೂನೆ, ಒಂದು ಅಂಕದ ಉತ್ತರಗಳ ಪಟ್ಟಿ, ಯಾವ ಪದ್ಯ ಕೇಳಿದರೂ ಹೊಂದಿಸಬಹುದಾದ ನಾಲ್ಕು ಸಾಲು. ಕಲಿಕೆಯಲ್ಲಿ ತೀರ ಹಿಂದುಳಿದವನನ್ನು ದಡ ಸೇರಿಸಲು ಶಿಕ್ಷಕರು ಕಳಕಳಿಯಿಂದಲೇ ಇದನ್ನು ತಯಾರಿಸುತ್ತಾರೆ. ಅದನ್ನು ಹೀಗಳೆಯುವುದು ಸುಲಭ. ಎಂಬತ್ತು ಮಕ್ಕಳ ತರಗತಿಯನ್ನು ಒಬ್ಬರೇ ನಿಭಾಯಿಸುವ ಉಪನ್ಯಾಸಕರ ಜಾಗದಲ್ಲಿ ನಿಂತು ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಆದರೆ ಬುದ್ಧಿವಂತ ವಿದ್ಯಾರ್ಥಿಯೂ ಅದಕ್ಕೇ ಜೋತುಬಿದ್ದಾಗ ಔಷಧವೇ ಆಹಾರವಾಗುತ್ತದೆ.

ಚೀನಾದ ‘ಮೂಕ ಇಂಗ್ಲಿಷ್’

ಈ ಸಂಕಟ ಕರ್ನಾಟಕದ್ದು ಮಾತ್ರವಲ್ಲ. ಇಂಗ್ಲಿಷ್ ಪರೀಕ್ಷೆಯ ಗುಂಗು ನಮಗಿಂತ ಹೆಚ್ಚಿರುವ ದೇಶ ಚೀನಾ. ಅಲ್ಲಿನ ಪದವಿ ವಿದ್ಯಾರ್ಥಿಗಳಿಗಾಗಿ ‘ಕಾಲೇಜ್ ಇಂಗ್ಲಿಷ್ ಟೆಸ್ಟ್’ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಇದೆ. ಅದರ ಸಂಕ್ಷಿಪ್ತ ರೂಪವೂ ‘ಸಿಇಟಿ’. ನಮ್ಮಲ್ಲಿ ಎಂಜಿನಿಯರಿಂಗ್ ಸೀಟು ಕೊಡಿಸುವ ಸಿಇಟಿಗೂ ಅದಕ್ಕೂ ಸಂಬಂಧವಿಲ್ಲ. ನಾಲ್ಕನೇ ಹಂತದ ಪರೀಕ್ಷೆ 1987ರಲ್ಲಿ, ಅದಕ್ಕಿಂತ ಕಠಿಣವಾದ ಆರನೇ ಹಂತದ್ದು 1989ರಲ್ಲಿ ಆರಂಭವಾಯಿತು. ವರ್ಷಕ್ಕೆ ಎರಡು ಬಾರಿ, ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುವ ಈ ಪರೀಕ್ಷೆಗಳನ್ನು ಲಕ್ಷಾಂತರ ವಿದ್ಯಾರ್ಥಿಗಳು ಬರೆಯುತ್ತಾರೆ. ಬಹುಕಾಲ ಅನೇಕ ವಿಶ್ವವಿದ್ಯಾಲಯಗಳು ನಾಲ್ಕನೇ ಹಂತ ತೇರ್ಗಡೆಯಾಗದವರಿಗೆ ಪದವಿಯನ್ನೇ ನೀಡುತ್ತಿರಲಿಲ್ಲ.

ಸಿದ್ಧತೆಯ ಪರಿ ಕೇಳಿದರೆ ನಮ್ಮ ಮಕ್ಕಳಿಗೆ ಆಪ್ತವೆನಿಸೀತು. ಪದಗಳ ಪಟ್ಟಿಯನ್ನು ಅಕಾರಾದಿಯಾಗಿ ಬಾಯಿಪಾಠ ಮಾಡುವುದು ಅಲ್ಲಿನ ರೂಢಿ. ನಾಲ್ಕನೇ ಹಂತಕ್ಕೆ ಸುಮಾರು ನಾಲ್ಕೂವರೆ ಸಾವಿರ ಪದಗಳು ಬೇಕೆಂಬ ಲೆಕ್ಕವಿದೆ. ಪದಪುಸ್ತಕಗಳ ಮೊದಲ ಪುಟದಲ್ಲೇ ‘ಅಬ್ಯಾಂಡನ್’, ಅಂದರೆ ‘ಕೈಬಿಡು’ ಎಂಬ ಪದ ಸಿಗುತ್ತದೆ; ಬಹಳಷ್ಟು ವಿದ್ಯಾರ್ಥಿಗಳು ಅದೊಂದನ್ನು ಕಲಿತು ಪುಸ್ತಕವನ್ನೇ ಕೈಬಿಡುತ್ತಾರೆ ಎಂಬುದು ಅಲ್ಲಿ ಹಳಸಿದ ನಗೆಮಾತು. ಹೀಗೆ ಕಲಿತವರು ಓದಬಲ್ಲರು, ಗುರುತು ಹಾಕಬಲ್ಲರು, ಮಾತನಾಡಲಾರರು. ಇದಕ್ಕೆ ಚೀನೀಯರೇ ಇಟ್ಟ ಹೆಸರು ‘ಮೂಕ ಇಂಗ್ಲಿಷ್’.

ಅಲ್ಲಿನ ಶಿಕ್ಷಣ ವ್ಯವಸ್ಥೆ ಈ ಟೀಕೆಗೆ ಕಿವಿಗೊಟ್ಟಿತು. 1999ರಲ್ಲಿ ಮಾತಿನ ಪರೀಕ್ಷೆಯನ್ನು ಪ್ರತ್ಯೇಕವಾಗಿ ಆರಂಭಿಸಲಾಯಿತು. 2005ರಲ್ಲಿ ನೂರು ಅಂಕ, ಅರವತ್ತಕ್ಕೆ ಪಾಸು ಎಂಬ ಪದ್ಧತಿ ಹೋಗಿ 710 ಅಂಕಗಳ ಅಳತೆಗೋಲು ಬಂತು. ಪಾಸು–ಫೇಲಿನ ಗೆರೆಯನ್ನೇ ಅಧಿಕೃತವಾಗಿ ಅಳಿಸಲಾಯಿತು. ಆರನೇ ಹಂತಕ್ಕೆ ಕೂರಲು 425 ಅಂಕ ಬೇಕೆಂದು ನಿಗದಿಯಾದ್ದರಿಂದ ಜನ ಅದನ್ನೇ ಪಾಸಿನ ಗೆರೆ ಎಂದು ಭಾವಿಸಿದ್ದು ಬೇರೆ ಮಾತು. ಆಲಿಸುವಿಕೆಯ ಪಾಲು ಶೇ 20ರಿಂದ ಶೇ 35ಕ್ಕೆ ಏರಿತು. ಓದಿಗೂ ಶೇ 35, ಉಳಿದ ಶೇ 30ರಲ್ಲಿ ಪ್ರಬಂಧ ಮತ್ತು ಅನುವಾದಕ್ಕೆ ಸಮಪಾಲು.

ಕರ್ನಾಟಕದವರು ಗಮನಿಸಬೇಕಾದುದು ಈ ಅನುವಾದವನ್ನು. 2013ರ ಡಿಸೆಂಬರ್‌ನಿಂದ ವಿದ್ಯಾರ್ಥಿಗೆ ಚೀನೀ ಭಾಷೆಯ ಒಂದು ಇಡೀ ಪರಿಚ್ಛೇದವನ್ನು ಕೊಟ್ಟು ಅರ್ಧ ಗಂಟೆಯಲ್ಲಿ ಇಂಗ್ಲಿಷಿಗೆ ತರಲು ಹೇಳಲಾಗುತ್ತದೆ. ವಿಷಯ ಲಂಡನ್ನಿನದಲ್ಲ, ಚೀನಾದ ಚರಿತ್ರೆ, ಹಬ್ಬ, ನದಿ, ಚಹಾ, ಕಾಗದದ ಕತ್ತರಿ ಕಲೆ, ಆರ್ಥಿಕತೆ. ತನ್ನ ನಾಡಿನ ಸಂಗತಿಯನ್ನು ತನ್ನ ಭಾಷೆಯಿಂದ ಇಂಗ್ಲಿಷಿಗೆ ಒಯ್ಯಲು ಬರಬೇಕು ಎಂಬುದು ಅದರ ತಿರುಳು. ಇದರಿಂದ ಬಾಯಿಪಾಠ ನಿಂತಿತೆಂದಲ್ಲ. ಅನುವಾದದ ಸಿದ್ಧ ಮಾದರಿಗಳನ್ನೂ ಉರು ಹೊಡೆಯುವವರಿದ್ದಾರೆ. ಆದರೂ ಉರು ಹೊಡೆದದ್ದು ಯಥಾವತ್ತಾಗಿ ಕೆಲಸಕ್ಕೆ ಬಾರದ ಒಂದು ಪ್ರಶ್ನೆ ಅಲ್ಲಿದೆ.

ನಮ್ಮ ದ್ವಿತೀಯ ಪಿಯುಸಿ ಇಂಗ್ಲಿಷ್ ಪರೀಕ್ಷೆಯಲ್ಲಿ ಅಂಥದ್ದಿಲ್ಲ. 2023–24ನೇ ಸಾಲಿನಿಂದ ಭಾಷಾ ವಿಷಯಗಳಿಗೆ 80 ಅಂಕಗಳ ಲಿಖಿತ ಪರೀಕ್ಷೆ, 20 ಆಂತರಿಕ ಅಂಕಗಳ ವ್ಯವಸ್ಥೆ ಬಂದಿದೆ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿದ್ದು, ಒಂದರಲ್ಲಿ ಎಡವಿದವರಿಗೆ ವರ್ಷ ಕಳೆಯುವ ಭಯ ಕಡಿಮೆಯಾಗಿದೆ. ಆದರೆ ಲಿಖಿತ ಪತ್ರಿಕೆಯಲ್ಲಿ ಕಿವಿಗೆ ಕೆಲಸವಿಲ್ಲ, ಕನ್ನಡಕ್ಕೆ ಜಾಗವಿಲ್ಲ.

ಕನ್ನಡ ಬಲ್ಲವನ ಬಂಡವಾಳ

ಇಂಗ್ಲಿಷ್ ಕಲಿಯುವಾಗ ಕನ್ನಡವನ್ನು ಮರೆಯಬೇಕು ಎಂಬ ಉಪದೇಶವನ್ನು ಎಲ್ಲೆಡೆ ಕೇಳಬಹುದು. ಕೊಣ್ಣೂರಿನ ವಿದ್ಯಾರ್ಥಿಯ ಕೈಯಲ್ಲಿರುವ ಬಂಡವಾಳವೇ ಕನ್ನಡ. ಅದನ್ನು ಬದಿಗಿಟ್ಟು ವ್ಯಾಪಾರಕ್ಕಿಳಿ ಎನ್ನುವುದು ಯಾವ ನ್ಯಾಯ?

ಉದಾಹರಣೆಗೆ ಕಾಲಸೂಚಕ ಕ್ರಿಯಾಪದಗಳನ್ನು ನೋಡಬಹುದು. ಚೀನೀ ಭಾಷೆಯಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದದ ರೂಪ ಬದಲಾಗುವುದಿಲ್ಲ. ಆದ್ದರಿಂದ ಅಲ್ಲಿನ ವಿದ್ಯಾರ್ಥಿಗೆ ಇಂಗ್ಲಿಷಿನ ಕಾಲಗಳು ಹೊಸ ಲೋಕ. ಕನ್ನಡಿಗನಿಗೆ ಹಾಗಲ್ಲ. ‘ಬಂದೆ, ಬಂದಿದ್ದೇನೆ, ಬಂದಿದ್ದೆ’ ಎಂಬ ಮೂರರ ವ್ಯತ್ಯಾಸ ಅವನಿಗೆ ರಕ್ತಗತ. ‘ಐ ಕೇಮ್, ಐ ಹ್ಯಾವ್ ಕಮ್, ಐ ಹ್ಯಾಡ್ ಕಮ್’ ಎಂಬವನ್ನು ಇವುಗಳ ಪಕ್ಕದಲ್ಲಿಟ್ಟು ತೋರಿಸಿದರೆ ವ್ಯಾಕರಣದ ಹೆಸರುಗಳ ಹಂಗಿಲ್ಲದೆ ಅರ್ಧ ಕೆಲಸ ಮುಗಿಯುತ್ತದೆ.

‘ಎ’ ಮತ್ತು ‘ದಿ’ಗಳ ಗೊಂದಲವೂ ಹೀಗೆಯೇ. ಕನ್ನಡದಲ್ಲಿ ಅಂಥ ಪದಗಳಿಲ್ಲ, ನಿಜ. ಆದರೆ ‘ಅವನು ಪುಸ್ತಕ ತಂದ’ ಎಂದಾಗ ಯಾವುದೋ ಒಂದು ಪುಸ್ತಕ. ‘ಅವನು ಪುಸ್ತಕವನ್ನು ತಂದ’ ಎಂದಾಗ ಸಾಮಾನ್ಯವಾಗಿ ಹೇಳುವವನಿಗೂ ಕೇಳುವವನಿಗೂ ಗೊತ್ತಿರುವ ಪುಸ್ತಕ. ‘ಅನ್ನು’ ಎಂಬ ವಿಭಕ್ತಿ ಪ್ರತ್ಯಯ ಮಾಡುವ ಈ ಕೆಲಸದ ಒಂದು ಭಾಗವನ್ನೇ ಇಂಗ್ಲಿಷಿನಲ್ಲಿ ‘ದಿ’ ಮಾಡುತ್ತದೆ. ಎಲ್ಲ ಕಡೆ ಇದು ತಾಳೆಯಾಗದು. ಆದರೂ ನಿಯಮಗಳ ಪಟ್ಟಿ ಉರು ಹೊಡೆಯುವುದಕ್ಕಿಂತ ಇಲ್ಲಿಂದ ಹೊರಡುವುದು ಲೇಸು.

ಎಡವುವ ಜಾಗಗಳೂ ಇವೆ. ಪ್ರಶ್ನೆಪತ್ರಿಕೆಯಲ್ಲಿ ಕೇಳುವ ಪರೋಕ್ಷ ಕಥನ ಅಂಥದೊಂದು. ‘ನಾನು ಬರುತ್ತೇನೆ ಎಂದು ಅವನು ಹೇಳಿದ’ ಎನ್ನುವಾಗ ಕನ್ನಡ ಆಡಿದ ಮಾತನ್ನು ಇದ್ದಂತೆಯೇ ಉಳಿಸಿಕೊಂಡು ‘ಎಂದು’ ಸೇರಿಸುತ್ತದೆ. ಇಂಗ್ಲಿಷ್ ವ್ಯಕ್ತಿಯನ್ನೂ ಕಾಲವನ್ನೂ ಬದಲಿಸುತ್ತದೆ: ‘ಹಿ ಸೆಡ್ ದಟ್ ಹಿ ವುಡ್ ಕಮ್’. ಕನ್ನಡ ಬದಲಿಸುವುದಿಲ್ಲ, ಇಂಗ್ಲಿಷ್ ಬದಲಿಸುತ್ತದೆ ಎಂಬ ಒಂದೇ ಎಚ್ಚರ ಇದ್ದರೆ ಆ ಪ್ರಶ್ನೆಯ ಬಹುಪಾಲು ತಪ್ಪು ನಿಲ್ಲುತ್ತದೆ. ಕರ್ಮಣಿ ಪ್ರಯೋಗಕ್ಕೆ ದಿನಪತ್ರಿಕೆಯೇ ಗುರು. ‘ಸೇತುವೆಯನ್ನು ನಿರ್ಮಿಸಲಾಯಿತು’ ಎಂಬ ಸುದ್ದಿಯ ಕನ್ನಡ ‘ದಿ ಬ್ರಿಜ್ ವಾಸ್ ಬಿಲ್ಟ್’ ಎಂಬುದರ ಸಮೀಪದ ನೆಂಟ. ಕಟ್ಟಿದವರು ಯಾರೆಂದು ಹೇಳದೆ ನುಣುಚಿಕೊಳ್ಳುವ ಗುಣ ಎರಡಕ್ಕೂ ಇದೆ.

ವಾಕ್ಯದ ಕಟ್ಟಡದಲ್ಲಿ ದೊಡ್ಡ ಅಂತರವಿದೆ. ಕೊಣ್ಣೂರಿನ ಪರಮೇಶ್ವರ ದೇವಾಲಯದ ಶಾಸನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನು ಕ್ರಿ.ಶ. 860ರಲ್ಲಿ ಬಂಕೇಯನ ಕೋರಿಕೆಯಂತೆ ಜೈನ ಬಸದಿಗೆ ನೀಡಿದ ದಾನದ ದಾಖಲೆಯಿದೆ. ಶಾಸನದಲ್ಲಿ ಈ ಊರಿನ ಹೆಸರು ಕೊಳನೂರ. ಈಗ ‘ಕೊಣ್ಣೂರಿನ ದೇವಾಲಯದಲ್ಲಿರುವ ಶಾಸನವನ್ನು ಓದಿದ ವಿದ್ವಾಂಸರು’ ಎಂಬ ತುಣುಕನ್ನು ಇಂಗ್ಲಿಷಿಗೆ ತರಬೇಕಾದರೆ ಬಾಲದಿಂದ ಹಿಡಿಯಬೇಕು: ಮೊದಲು ವಿದ್ವಾಂಸರು, ಆಮೇಲೆ ಓದಿದ್ದು, ಬಳಿಕ ಶಾಸನ, ದೇವಾಲಯ, ಕೊನೆಗೆ ಕೊಣ್ಣೂರು. ಚೀನೀ ಭಾಷೆಯಲ್ಲೂ ವಿಶೇಷಣದ ಸರಪಳಿ ನಾಮಪದದ ಮುಂದೆಯೇ ಬರುವುದರಿಂದ ಅಲ್ಲಿನ ಅನುವಾದದ ಪ್ರಶ್ನೆಯೂ ಪರೀಕ್ಷಿಸುವುದು ಈ ತಿರುವುಮುರುವನ್ನೇ. ದಿನಕ್ಕೆ ಇಂಥ ಐದು ವಾಕ್ಯಗಳನ್ನು ತಿರುಗಿಸಿ ಬರೆಯುವುದಕ್ಕೆ ಖರ್ಚಿಲ್ಲ, ಟ್ಯೂಷನ್ ಬೇಕಿಲ್ಲ. ವಿಷಯಕ್ಕೂ ಬರವಿಲ್ಲ: ಮಲಪ್ರಭೆಯ ನೆರೆ, ಪೇರಲ ತೋಟ, 1858ರ ನರಗುಂದ ಬಂಡಾಯ, 1980ರ ಜುಲೈನ ರೈತ ಚಳವಳಿ.

ಪಠ್ಯಪುಸ್ತಕದಲ್ಲೂ ಇದಕ್ಕೆ ಸಾಮಗ್ರಿ ಸಿಕ್ಕೀತು. ಕಳೆದ ದಶಕದಲ್ಲಿ ಬಳಕೆಗೆ ಬಂದ ದ್ವಿತೀಯ ಪಿಯುಸಿ ಇಂಗ್ಲಿಷ್ ಪಠ್ಯ ‘ಸ್ಪ್ರಿಂಗ್ಸ್’ನಲ್ಲಿ ಷೇಕ್ಸ್‌ಪಿಯರ್, ಟಾಲ್‌ಸ್ಟಾಯ್, ನೆರೂಡರ ಜೊತೆಗೆ ಕುವೆಂಪು ಅವರ ಒಂದು ಕವನವೂ ಪಿ. ಲಂಕೇಶರ ಒಂದು ಕಥೆಯೂ ಇಂಗ್ಲಿಷ್ ರೂಪದಲ್ಲಿ ಸೇರಿದವು. ಇವುಗಳ ಕನ್ನಡ ಮೂಲವನ್ನು ಊರಿನ ಗ್ರಂಥಾಲಯದಿಂದ ತಂದು ಪಕ್ಕಪಕ್ಕದಲ್ಲಿಟ್ಟು ಓದಿದ ವಿದ್ಯಾರ್ಥಿಗೆ ಗೈಡಿನ ಸಾರಾಂಶ ಬೇಕಾಗದು. ಹಾಗೆ ಓದಿಸುವ ತರಗತಿಗಳು ವಿರಳವೆಂಬುದೇ ಖೇದದ ಸಂಗತಿ.

ಉಳಿದಿರುವ ದಿನಗಳಿಗೆ

ಪರೀಕ್ಷೆ ತಿಂಗಳೊಪ್ಪತ್ತಿನಲ್ಲಿರುವವರಿಗೆ ಈ ಮಾತುಗಳೆಲ್ಲ ದೂರದ ಬೆಟ್ಟವೆನಿಸಬಹುದು. ಅಂಥವರು ಮೊದಲು ಕೈಹಾಕಬೇಕಾದುದು ಅಪರಿಚಿತ ಗದ್ಯಭಾಗಕ್ಕೆ. ಅದರ ಉತ್ತರಗಳೆಲ್ಲ ಕಣ್ಣೆದುರಿನಲ್ಲೇ ಇರುತ್ತವೆ. ಆದರೂ ಬಹಳಷ್ಟು ಮಂದಿ ಪ್ರಶ್ನೆಯಲ್ಲಿರುವ ಪದ ಗದ್ಯದಲ್ಲಿ ಕಂಡೊಡನೆ ಆ ಸಾಲನ್ನು ಪೂರ್ತಿ ಇಳಿಸಿಬಿಡುತ್ತಾರೆ. ಪ್ರಶ್ನೆ ‘ವೈ’ಯಿಂದ ಆರಂಭವಾದರೆ ಕಾರಣ, ‘ಹೂ’ ಎಂದರೆ ವ್ಯಕ್ತಿ, ‘ವೆನ್’ ಎಂದರೆ ಕಾಲ ಎಂದು ಕನ್ನಡದಲ್ಲೇ ಅಂಚಿನಲ್ಲಿ ಗುರುತು ಹಾಕಿಕೊಂಡು ಹುಡುಕಿದರೆ ಅಂಕ ತಪ್ಪುವುದು ಕಡಿಮೆ. ಗೆರೆ ಎಳೆದ ಸರ್ವನಾಮ ಯಾರನ್ನು ಸೂಚಿಸುತ್ತದೆ ಎಂಬ ಪ್ರಶ್ನೆಗೂ ಸಾಮಾನ್ಯವಾಗಿ ಹಿಂದಿನ ಒಂದೆರಡು ವಾಕ್ಯ ನೋಡಿದರೆ ಸಾಕು. ಉದ್ಯೋಗದ ಅರ್ಜಿ, ಟಿಪ್ಪಣಿ ರಚನೆ, ಸಂಭಾಷಣೆ ಪೂರ್ಣಗೊಳಿಸುವುದು ಇವೆಲ್ಲ ಅಭ್ಯಾಸಕ್ಕೆ ಬಗ್ಗುವಂಥವು. ಹಳೆಯ ಪತ್ರಿಕೆಗಳನ್ನು ಓದಿದರಷ್ಟೇ ಸಾಲದು, ಗಡಿಯಾರ ಮುಂದಿಟ್ಟುಕೊಂಡು ಬರೆಯಬೇಕು. ಅರ್ಜಿಯ ನಮೂನೆ ಬಾಯಿಪಾಠವಾಗಿದ್ದರೂ ಹುದ್ದೆ ಮತ್ತು ವಿಳಾಸವನ್ನು ಗೈಡಿನಲ್ಲಿದ್ದಂತೆಯೇ ಬರೆದುಬಿಡುವ ಅಪಾಯ ಇದ್ದೇ ಇದೆ.

ಪದಗಳ ವಿಷಯದಲ್ಲಿ ನಾಲ್ಕೂವರೆ ಸಾವಿರದ ಪಟ್ಟಿ ನೋಡಿ ಎದೆಗುಂದಬೇಕಿಲ್ಲ. ಟ್ರ್ಯಾಕ್ಟರ್, ಪಂಪ್‌ಸೆಟ್, ಲೋನ್, ರಿಪೇರಿ, ಲೈಸೆನ್ಸ್, ಅಡ್ಮಿಷನ್ ಎನ್ನುತ್ತಲೇ ಬೆಳೆದ ಹಳ್ಳಿಯ ಮಕ್ಕಳ ಬಾಯಲ್ಲಿ ಈಗಾಗಲೇ ನೂರಾರು ಇಂಗ್ಲಿಷ್ ಪದಗಳಿವೆ. ಬೇಕಾದುದು ಅವುಗಳ ಕಾಗುಣಿತ ಮತ್ತು ಒಡಹುಟ್ಟುಗಳು: ‘ಅಡ್ಮಿಷನ್’ನಿಂದ ‘ಅಡ್ಮಿಟ್’, ‘ಲೈಸೆನ್ಸ್’ನಿಂದ ‘ಲೈಸೆನ್ಸ್ಡ್’.

ಇನ್ನು ಕಿವಿಯ ಮಾತು. ಲಿಖಿತ ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲದ ಕಾರಣ ಯಾರೂ ಹೇಳಿಕೊಡುವುದಿಲ್ಲ. ಆದರೆ ಪದವಿ ತರಗತಿಯ ಮೊದಲ ವಾರದಲ್ಲೇ ಬೇಕಾಗುವುದು ಇದು. ಚೀನಾದ ನಾಲ್ಕನೇ ಹಂತದ ಪರೀಕ್ಷೆಯಲ್ಲಿ 2016ರಿಂದ ಸುದ್ದಿ ವರದಿಗಳನ್ನು ಕೇಳಿಸಿ ಪ್ರಶ್ನೆ ಕೇಳಲಾಗುತ್ತಿದೆ. ಅದೇ ಅಭ್ಯಾಸ ಇಲ್ಲಿಯೂ ಸಾಧ್ಯ. ಬೆಳಿಗ್ಗೆ ಕನ್ನಡ ವಾರ್ತೆ ಕೇಳಿ, ಅದೇ ದಿನದ ಇಂಗ್ಲಿಷ್ ವಾರ್ತೆಯನ್ನು ಆಕಾಶವಾಣಿಯಲ್ಲೋ ಮೊಬೈಲಿನಲ್ಲೋ ಕೇಳಿದರೆ, ಸುದ್ದಿ ಮೊದಲೇ ಗೊತ್ತಿರುವುದರಿಂದ ಗಮನವೆಲ್ಲ ಭಾಷೆಯ ಮೇಲೆ ನಿಲ್ಲುತ್ತದೆ. ಮೊದಲ ವಾರ ಹೆಸರುಗಳಷ್ಟೇ ಕಿವಿಗೆ ಬಿದ್ದಾವು. ನಂತರ ಕ್ರಿಯಾಪದಗಳು ಸಿಗತೊಡಗುತ್ತವೆ. ಕೇಳಿದ ಒಂದು ವಾಕ್ಯವನ್ನು ನಿಲ್ಲಿಸಿ, ಗಟ್ಟಿಯಾಗಿ ಹೇಳಿ, ಬರೆದು ನೋಡುವುದು ಎರಡನೇ ಹೆಜ್ಜೆ. ಮನೆಯವರು ನಗಬಹುದು ಎಂಬ ಸಂಕೋಚವಿದ್ದರೆ ಹೊಲದ ಬದುವಿದೆ, ಮಲಪ್ರಭೆಯ ದಂಡೆಯಿದೆ.