ಹೊಸ ಸ್ಪೀಕರ್ ಕೊಳ್ಳುವ ಮೊದಲು

ಕಂಪ್ಯೂಟರಿನಲ್ಲಿ ಪಾಠ ಕೇಳುವಾಗ ‘ಸ’ ಯಾವುದು, ‘ಶ’ ಯಾವುದು ತಿಳಿಯುತ್ತಿಲ್ಲವೇ? ಹೊಸ ಸ್ಪೀಕರ್ ಕೊಳ್ಳುವ ಮೊದಲು ಇರುವುದನ್ನು ಸರಿಯಾಗಿ ಇಟ್ಟಿದ್ದೀರಾ, ನೋಡಿ.

ಕಾಗವಾಡಕ್ಕೆ ಹತ್ತಿರದ ಮಿರಜ್ ತಂಬೂರಿಗಳಿಗೆ ಹೆಸರಾದ ಊರು. ತಂಬೂರಿಯ ತಂತಿಯೊಂದೇ ಮಿಡಿದರೆ ನಾದ ಅಷ್ಟಾಗಿ ಕೇಳದು. ಸೋರೆ ಬುರುಡೆಯೂ ಮರದ ಹಲಗೆಯೂ ಆ ಕಂಪನವನ್ನು ಗಾಳಿಗೆ ದಾಟಿಸುತ್ತವೆ. ಸ್ಪೀಕರ್ ಪೆಟ್ಟಿಗೆಯ ಕೆಲಸವೇ ಬೇರೆ. ಒಳಗಿನ ಶಂಕು ಮುಂದೆ ಸರಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನದು ಸಡಿಲವಾಗುತ್ತದೆ. ಇವೆರಡೂ ಬೆರೆತರೆ ಮಂದ್ರ ಸ್ವರ ಅಳಿಸಿಹೋಗುತ್ತದೆ. ಬೆರೆಯದಂತೆ ತಡೆಯುವುದೇ ಪೆಟ್ಟಿಗೆ. ಆದ್ದರಿಂದ ತಂಬೂರಿಯ ಬುರುಡೆ ನಡುಗಬೇಕು, ಸ್ಪೀಕರಿನ ಪೆಟ್ಟಿಗೆ ನಡುಗಬಾರದು. ಅದರಡಿಗೆ ರಬ್ಬರ್ ತುಂಡುಗಳನ್ನಿಡಿ.

ಮೂಲೆಗೆ ಒತ್ತಿ ಇಟ್ಟರೆ ಮಂದ್ರ ಉಬ್ಬಿ ಮಾತು ಮಬ್ಬಾಗುತ್ತದೆ. ಎರಡು ಸ್ಪೀಕರುಗಳೂ ನಿಮ್ಮ ತಲೆಯೂ ಸಮಬಾಹು ತ್ರಿಕೋನದ ಮೂರು ತುದಿಗಳಲ್ಲಿರಲಿ. ಸ್ಪೀಕರ್ ಕಿವಿಯತ್ತ ಮುಖ ಮಾಡಲಿ. ಸೆಕೆಂಡಿಗೆ 100 ಕಂಪನಗಳ ಸ್ವರದ ಅಲೆ ಸುಮಾರು 3.4 ಮೀಟರ್ ಉದ್ದ. ಅದು ಎಲ್ಲೆಡೆ ಹರಡುತ್ತದೆ. 10,000 ಕಂಪನಗಳದ್ದು ಕೇವಲ 3.4 ಸೆಂಟಿಮೀಟರ್, ಅದು ಹೆಚ್ಚಾಗಿ ನೇರವಾಗಿಯೇ ಸಾಗುತ್ತದೆ. ‘ಸ’ದಂಥ ಅಕ್ಷರಗಳ ಸ್ಪಷ್ಟತೆ ಇರುವುದು ಕಿರಿದಾದ ಅಲೆಗಳಲ್ಲಿಯೇ.

ಬರಿಗೋಡೆಯ ಕೋಣೆ ಮಾರ್ದನಿಗೊಡುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಯ ಕಡೆ ಮನೆಯಲ್ಲಿ ಕೌದಿಗೇನು ಬರವೇ? ನಿಮ್ಮ ಬೆನ್ನ ಹಿಂದಿನ ಗೋಡೆಗೆ ಒಂದನ್ನು ತೂಗುಹಾಕಿ.

ಮಾತು ತಿಳಿಯಾದರೆ ದನಿ ಏರಿಸಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ: 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ. ಸ್ಪೀಕರ್ ಕೆಟ್ಟರೆ ಇನ್ನೊಂದು ತರಬಹುದು; ಕಿವಿಯನ್ನು ತರಲಾಗದು.