ಗೋದಲಿಯಲ್ಲಿ ಮೊಳೆ, ಮುಸುರೆಯಲ್ಲಿ ಪ್ಲಾಸ್ಟಿಕ್ಕು

2021ರ ದೀಪಾವಳಿಯ ಗೋಪೂಜೆಯಂದು ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲೂಕಿನ ಒಂದು ಮನೆಯವರು ಹೂವಿನ ಹಾರದೊಡನೆ ಬಂಗಾರದ ಸರವನ್ನೂ ತೊಡಿಸಿ ಗೋವನ್ನು ಪೂಜಿಸಿದರು. ಪೂಜೆ ಮುಗಿದ ಮೇಲೆ ತೆಗೆದಿರಿಸಿದ ಹಾರ ಕಾಣೆಯಾಯಿತು. ಅದರೊಡನೆ 20 ಗ್ರಾಂ ತೂಕದ ಸರವೂ ಕಾಣೆಯಾಯಿತು. ಹಸು ಹೂವನ್ನು ತಿನ್ನುವಾಗ ಚಿನ್ನವನ್ನೂ ನುಂಗಿತ್ತು. ಮನೆಯವರು ಸುಮಾರು ಒಂದು ತಿಂಗಳ ಕಾಲ ದಿನವೂ ಸಗಣಿಯನ್ನು ಶೋಧಿಸಿದರೂ ಸರ ಬರಲಿಲ್ಲ. ಕೊನೆಗೆ ಪಶುವೈದ್ಯರು ಲೋಹಶೋಧಕ ಯಂತ್ರದಿಂದ ಅದು ಹೊಟ್ಟೆಯಲ್ಲಿಯೇ ಇರುವುದನ್ನು ಖಚಿತಪಡಿಸಿಕೊಂಡು, ಶಸ್ತ್ರಚಿಕಿತ್ಸೆ ಮಾಡಿ ಹೊರತೆಗೆದರು.

ಪತ್ರಿಕೆಗಳಲ್ಲಿ ಈ ಸುದ್ದಿ ಬಂದಾಗ ಓದಿದವರು ನಕ್ಕಿರಬಹುದು. ಆದರೆ ತಿಂಗಳು ಕಳೆದರೂ ಸರ ಹೊರಬರಲಿಲ್ಲವೇಕೆ ಎಂಬುದನ್ನು ದನಕರು ಸಾಕಿದ ಪ್ರತಿಯೊಂದು ಮನೆಯವರೂ ತಿಳಿದುಕೊಳ್ಳುವುದು ಅವಶ್ಯ. ಬಂಗಾರವಾದುದರಿಂದ ಅಲ್ಲಿ ಹುಡುಕಾಟ ನಡೆಯಿತು. ಮೊಳೆಯನ್ನೋ ಪ್ಲಾಸ್ಟಿಕ್ ಚೀಲವನ್ನೋ ನುಂಗಿದ್ದರೆ ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

ಹಸು, ಎಮ್ಮೆಗಳು ಮೇವನ್ನು ತುಟಿಯಿಂದ ಆರಿಸಿ ತಿನ್ನುವ ಪ್ರಾಣಿಗಳಲ್ಲ. ಆಡು ತುಟಿಯಿಂದ ಎಲೆಯೆಲೆಯನ್ನೇ ಆಯ್ದು ತಿನ್ನುವುದನ್ನು ನಾವು ನೋಡಿದ್ದೇವೆ. ಹಸುವಾದರೋ ಉದ್ದನೆಯ ನಾಲಿಗೆಯನ್ನು ಸುತ್ತಿ ಸಿಕ್ಕಷ್ಟನ್ನು ಸೆಳೆದು, ಅರೆಬರೆ ಅಗಿದು ನುಂಗಿಬಿಡುತ್ತದೆ. ಮೆಲುಕು ಹಾಕುವುದು ಆಮೇಲಿನ ಮಾತು. ಹೀಗಾಗಿ ಮೇವಿನಲ್ಲಿ ಏನಿದೆಯೆಂದು ಬಾಯಿಗೆ ಗೊತ್ತಾಗುವ ಮೊದಲೇ ಅದು ಹೊಟ್ಟೆಯನ್ನು ಸೇರಿರುತ್ತದೆ. ಆ ಹೊಟ್ಟೆಗೆ ನಾಲ್ಕು ಕೋಶಗಳು. ಮೊದಲನೆಯದು ನೂರು ಲೀಟರಿಗೂ ಹೆಚ್ಚು ಹಿಡಿಸುವ ದೊಡ್ಡ ಹಗೇವು. ಎರಡನೆಯದರ ಒಳಗೋಡೆ ಜೇನುಹುಟ್ಟಿನಂತೆ ಗೂಡುಗೂಡಾಗಿರುತ್ತದೆ. ಅಲ್ಲಿಂದ ಮುಂದಕ್ಕೆ ಹೋಗುವ ದಾರಿ ಕಿರಿದು. ಮೇವು ನುಣ್ಣಗಾದ ಮೇಲೆಯೇ ಆ ದಾರಿಯಲ್ಲಿ ಸಾಗುತ್ತದೆ. ಕರಗದ, ನುಣ್ಣಗಾಗದ ವಸ್ತುವಿಗೆ ಅಲ್ಲಿಯೇ ವಾಸ.

ಭಾರವಾದ ಮೊಳೆ, ತಂತಿಯ ತುಂಡು, ಸೂಜಿ, ತಲೆಪಿನ್ನು ಇವೆಲ್ಲ ಸಾಮಾನ್ಯವಾಗಿ ಬಂದು ನಿಲ್ಲುವುದು ಈ ಎರಡನೆಯ ಕೋಶದಲ್ಲಿ. ಅದು ಮತ್ತೆ ಮತ್ತೆ ಸಂಕುಚಿತವಾಗುತ್ತಿರುವುದರಿಂದ ಮೊನೆಯುಳ್ಳ ವಸ್ತು ಗೋಡೆಯನ್ನು ಚುಚ್ಚುತ್ತದೆ. ಅದರ ಮುಂದೆಯೇ ವಪೆ, ವಪೆಯ ಆಚೆಗೆ ಕೆಲವೇ ಅಂಗುಲ ದೂರದಲ್ಲಿ ಹೃದಯ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕರುವಿನ ಭಾರ ಹೊಟ್ಟೆಯನ್ನು ಮುಂದಕ್ಕೆ ಒತ್ತುವುದರಿಂದಲೂ, ಈಯುವಾಗ ಮುಕ್ಕುವುದರಿಂದಲೂ ಅದುವರೆಗೆ ಸುಮ್ಮನಿದ್ದ ಮೊಳೆ ಮುಂದೆ ಸರಿಯುವುದುಂಟು. ಈದ ಹಸು ಇದ್ದಕ್ಕಿದ್ದಂತೆ ಸೊರಗಿದರೆ ಕೆಟ್ಟ ದೃಷ್ಟಿ ತಗಲಿತೆಂದು ನಿವಾಳಿಸುವ ಪದ್ಧತಿ ನಮ್ಮಲ್ಲಿದೆ. ನಿವಾಳಿಸಬೇಡಿರೆಂದು ನಾನು ಹೇಳುವುದಿಲ್ಲ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿರಿ. ಹಾಲು ಒಮ್ಮೆಲೇ ಇಳಿಯುವುದು, ಮೇವು ಬಿಡುವುದು, ಮೆಲುಕು ನಿಲ್ಲುವುದು, ಬೆನ್ನು ಬಾಗಿಸಿ ಮುಂಗಾಲಿನ ಮೊಣಕೈಗಳನ್ನು ಹೊರಕ್ಕೆ ಚಾಚಿ ನಿಲ್ಲುವುದು, ಏಳುವಾಗ ಅಥವಾ ಇಳಿಜಾರಿನಲ್ಲಿ ನಡೆಯುವಾಗ ನರಳುವುದು, ಇವು ಒಳಗೆ ಏನೋ ಚುಚ್ಚುತ್ತಿದೆ ಎಂಬುದರ ಸೂಚನೆಗಳು. ಕೊರಳಿನ ರಕ್ತನಾಳ ಹಗ್ಗದಂತೆ ಉಬ್ಬಿ, ಎದೆಯ ಕೆಳಗೆ ನೀರು ತುಂಬಿ ಬಾತುಕೊಂಡರೆ ಮೊನೆ ಹೃದಯದ ಪೊರೆಯನ್ನು ಮುಟ್ಟಿದೆ ಎಂದು ಶಂಕಿಸಬೇಕು. ಆ ಹಂತದಲ್ಲಿ ವೈದ್ಯರೂ ಮಾಡಬಹುದಾದುದು ಬಹಳ ಕಡಿಮೆ.

ಮೊದಲೇ ತಿಳಿದರೆ ಉಪಾಯಗಳಿವೆ. ನುಣುಪಾದ ಅಂಚಿನ, ಬೆರಳುದ್ದದ ಅಯಸ್ಕಾಂತವನ್ನು ಪಶುವೈದ್ಯರು ಹಸುವಿಗೆ ನುಂಗಿಸುತ್ತಾರೆ. ಅದು ಅದೇ ಕೋಶದಲ್ಲಿ ಉಳಿದು, ಕಬ್ಬಿಣದ ಚೂರುಗಳನ್ನು ತನ್ನ ಮೈಗೆ ಅಂಟಿಸಿಕೊಂಡು, ಗೋಡೆಯನ್ನು ಚುಚ್ಚದಂತೆ ಹಿಡಿದಿಡುತ್ತದೆ. ತಾಮ್ರಕ್ಕೂ ಅಲ್ಯುಮಿನಿಯಮ್ಮಿಗೂ ಇದು ನಿರುಪಯೋಗಿ. ಅಗತ್ಯ ಬಿದ್ದರೆ ಹಸುವನ್ನು ನಿಲ್ಲಿಸಿಕೊಂಡೇ, ಎಡ ಪಕ್ಕೆಯ ಹಿಂದಿನ ಹಳ್ಳದಲ್ಲಿ ಅರಿವಳಿಕೆ ಕೊಟ್ಟು, ಹೊಟ್ಟೆಯನ್ನು ತೆರೆದು ಕೈಯಿಂದಲೇ ವಸ್ತುವನ್ನು ತೆಗೆಯುತ್ತಾರೆ. ಬೆಂಗಳೂರಿನ ಹೆಬ್ಬಾಳ ಮತ್ತು ಬೀದರಿನ ಪಶುವೈದ್ಯಕೀಯ ಕಾಲೇಜುಗಳಲ್ಲಿ ಮಾತ್ರವಲ್ಲ, ಅನುಭವವುಳ್ಳ ವೈದ್ಯರು ಹಳ್ಳಿಯ ಕೊಟ್ಟಿಗೆಯಲ್ಲಿಯೂ ಇದನ್ನು ಮಾಡಿದ್ದಾರೆ. ಮನೆಯಲ್ಲಿಯೇ ಗೊಟ್ಟದಿಂದ ಎಣ್ಣೆ ಹೊಯ್ದು ಮೊಳೆಯನ್ನು ಜಾರಿಸುತ್ತೇವೆನ್ನುವುದು ಮಾತ್ರ ಅಪಾಯ. ಮೊಳೆ ಜಾರುವುದಿಲ್ಲ. ಎಣ್ಣೆ ಶ್ವಾಸಕೋಶಕ್ಕೆ ಇಳಿದು ಇನ್ನೊಂದು ರೋಗ ಹುಟ್ಟುತ್ತದೆ.

ಪ್ಲಾಸ್ಟಿಕ್ಕಿನದು ಬೇರೆ ಕಥೆ. ಅದು ಚುಚ್ಚುವುದಿಲ್ಲ, ತುಂಬಿಕೊಳ್ಳುತ್ತದೆ. ಒಂದೊಂದೇ ಚೀಲ ವರ್ಷಗಟ್ಟಲೆ ಸೇರಿ, ಹಗ್ಗ ಬಟ್ಟೆಗಳೊಡನೆ ಹೆಣೆದುಕೊಂಡು ಗಟ್ಟಿ ಮುದ್ದೆಯಾಗುತ್ತದೆ. 2019ರ ಅಕ್ಟೋಬರಿನಲ್ಲಿ ಚೆನ್ನೈಯ ಪಶುವೈದ್ಯರು ಒಂದೇ ಹಸುವಿನ ಹೊಟ್ಟೆಯಿಂದ 52 ಕಿಲೋ ಪ್ಲಾಸ್ಟಿಕ್ಕನ್ನು ತೆಗೆದರು. ಅಂತಹ ಹಸು ಹೊಟ್ಟೆ ತುಂಬಿದಂತೆ ಕಾಣುತ್ತದೆ, ಆದರೆ ಮೇವಿಗೆ ಸ್ಥಳವಿಲ್ಲದೆ ದಿನದಿನಕ್ಕೆ ಬಡವಾಗುತ್ತದೆ. ಮೇಲಿಂದ ಮೇಲೆ ಹೊಟ್ಟೆಯುಬ್ಬರವೂ ಬರುತ್ತದೆ.

ಕರ್ನಾಟಕದಲ್ಲಿ 2016ರಲ್ಲಿಯೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಲಾಯಿತು. ಆದರೂ ಮುಂಜಾನೆ ಯಾವುದೇ ಊರಿನ ಬೀದಿಯಲ್ಲಿ ನೋಡಿರಿ: ತರಕಾರಿಯ ಸಿಪ್ಪೆ, ನಿನ್ನೆಯ ಅನ್ನ, ಬಾಳೆಹಣ್ಣಿನ ಸಿಪ್ಪೆಗಳನ್ನು ಚೀಲದಲ್ಲಿ ತುಂಬಿ, ಬಾಯಿಗೆ ಗಂಟು ಹಾಕಿ ಮೂಲೆಯಲ್ಲಿ ಇಟ್ಟಿರುತ್ತಾರೆ. ಕಸ ಚೆಲ್ಲದಿರಲೆಂದು ಹಾಕಿದ ಆ ಗಂಟೇ ಹಸುವಿಗೆ ಮುಳುವು. ವಾಸನೆ ಬರುತ್ತದೆ, ಬಿಚ್ಚಲು ಕೈಯಿಲ್ಲ, ಚೀಲಸಹಿತ ನುಂಗುತ್ತದೆ. ಹಸುವಿಗೆ ತುತ್ತು ಹಾಕಿದ ಪುಣ್ಯ ಬಂತೆಂದು ಒಳಗೆ ಹೋದ ತಾಯಂದಿರು ಆ ಗಂಟನ್ನು ಬಿಚ್ಚಿ, ಸಿಪ್ಪೆಯನ್ನು ಬುಟ್ಟಿಗೆ ಸುರಿದು, ಚೀಲವನ್ನು ಹಿಂದಕ್ಕೆ ಒಯ್ದರೆ ಸಾಕಿತ್ತು.

ಹಬ್ಬದ ದಿನಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕಾರಹುಣ್ಣಿಮೆಗೆ, ಬಸವ ಜಯಂತಿಗೆ ಎತ್ತುಗಳ ಕೊಂಬಿಗೆ ಕಟ್ಟುವ ರಿಬ್ಬನ್ನು, ಬಲೂನು, ಮಿರುಗುವ ಕಾಗದಗಳು ಮೆರವಣಿಗೆ ಮುಗಿದ ರಾತ್ರಿಯೇ ಕಳಚಿ ಗೋದಲಿಗೆ ಬೀಳುತ್ತವೆ. ಹೂಮಾಲೆಯ ನಾರು, ದಾರಗಳೂ ಹಾಗೆಯೇ. ಮದುವೆ, ಜಾತ್ರೆ, ದಾಸೋಹಗಳಲ್ಲಿ ಉಳಿದ ಅನ್ನ, ಹುಗ್ಗಿ, ಹೋಳಿಗೆಗಳನ್ನು ಚೆಲ್ಲಬಾರದೆಂದು ಬುಟ್ಟಿಗಟ್ಟಲೆ ದನಕ್ಕೆ ಸುರಿಯುವುದಂತೂ ವಿಷವಿಟ್ಟಂತೆಯೇ ಸರಿ. ಹುಲ್ಲಿಗೆ ಒಗ್ಗಿದ ಹೊಟ್ಟೆಯಲ್ಲಿ ಅಷ್ಟೊಂದು ಪಿಷ್ಟ ಒಮ್ಮೆಗೇ ಹುಳಿತು, ಆಮ್ಲವೇರಿ, ದನ ಒಂದೆರಡು ದಿನಗಳಲ್ಲಿಯೇ ಸಾಯಬಹುದು. ಪ್ರಸಾದವೆಂದು ಒಂದು ಹಿಡಿ ಮೇವಿನೊಡನೆ ಕಲಸಿ ಕೊಟ್ಟರೆ ಬಾಧಕವಿಲ್ಲ. ಅಕಸ್ಮಾತ್ ಹೆಚ್ಚು ತಿಂದಿದ್ದು ತಿಳಿದರೆ ಬೆಳಗಾಗಲೆಂದು ಕಾಯದೆ ಆಗಲೇ ವೈದ್ಯರಿಗೆ ತಿಳಿಸಬೇಕು. ಪಶುಪಾಲಕರ ಸಹಾಯವಾಣಿಯ ಸಂಖ್ಯೆ 1962.

ಕೆಲವು ದನಗಳು ಮೇವಿದ್ದರೂ ಎಲುಬು, ಚರ್ಮ, ಬಟ್ಟೆ, ಮಣ್ಣುಗಳನ್ನು ನೆಕ್ಕುತ್ತ ತಿರುಗುತ್ತವೆ. ಇದನ್ನು ಕೆಟ್ಟ ಚಟವೆಂದು ಹೊಡೆಯುವವರಿದ್ದಾರೆ. ಬಹುಮಟ್ಟಿಗೆ ಇದು ರಂಜಕ ಮೊದಲಾದ ಖನಿಜಗಳ ಕೊರತೆ. ದೊಡ್ಡ ಹಸುವಿಗೆ ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣವನ್ನೂ ಸ್ವಲ್ಪ ಉಪ್ಪನ್ನೂ ಹಿಂಡಿ ಬೂಸಾದಲ್ಲಿ ಕಲಸಿ ಕೊಟ್ಟರೆ ಆ ಹಂಬಲ ಕಡಿಮೆಯಾಗುತ್ತದೆ.

ಉಳಿದಿದ್ದೆಲ್ಲ ಕಣ್ಣಿನ ಕೆಲಸ. ಕಣಿಕೆ ಕತ್ತರಿಸುವ ಯಂತ್ರದ ಸುತ್ತ, ಬಣವೆಯ ಬುಡದಲ್ಲಿ, ಹೊಸದಾಗಿ ಮನೆ ಕಟ್ಟಿದ ಜಾಗದಲ್ಲಿ ತಂತಿ ಮೊಳೆಗಳನ್ನು ಆರಿಸಬೇಕು. ಮನೆಯ ಕಸವನ್ನು ಗುಡಿಸಿ ಕೊಟ್ಟಿಗೆಯ ಕಡೆಗೆ ನೂಕಬಾರದು, ಹೊಲಿಗೆಯ ಸೂಜಿ ಕಳೆದರೆ ಸಿಗುವವರೆಗೆ ಹುಡುಕಬೇಕು. ಒಂದು ಹಳೆಯ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ ಹೊಟ್ಟು, ಬೂಸಾಗಳಲ್ಲಿ ಒಮ್ಮೆ ಆಡಿಸಿದರೆ ಅಂಟಿಕೊಂಡು ಬರುವ ಚೂರುಗಳನ್ನು ನೋಡಿ ನೀವೇ ಬೆರಗಾಗುವಿರಿ. ಮಕ್ಕಳಿಗೆ ಇದು ಆಟವೂ ಹೌದು, ವಾರಕ್ಕೊಮ್ಮೆ ಅವರ ಕೈಗೇ ಆ ಕೋಲನ್ನು ಕೊಡಿರಿ.